ಹೊಸ ಫೋರ್ಕ್ ಬಂತಾ? ಮೊದಲು ಗರಗಸ ಬಚ್ಚಿಡಿ

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ನನ್ನ ಹತ್ತಿರ ಆರು ವರ್ಷ ಹಳೆಯ ಅಲ್ಯೂಮಿನಿಯಂ ಮೌಂಟನ್ ಬೈಕ್ ಇದೆ. ಹಿಂದೆ ಸಸ್ಪೆನ್ಷನ್ ಇಲ್ಲ, ಮುಂದೆ ಚಕ್ರ ಹಿಡಿಯುವ, 100 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಫೋರ್ಕ್, 27.5 ಇಂಚಿನ ಚಕ್ರ, ಡಿಸ್ಕ್ ಬ್ರೇಕ್. ಭಾನುವಾರ ಆವಲಹಳ್ಳಿ ಕಾಡಿಗೆ ಹೋಗುತ್ತೇನೆ. ವಾರದಲ್ಲಿ ಎರಡು ದಿನ ಆಫೀಸಿಗೂ ಅದೇ ಸೈಕಲ್. ಈಗ ಫೋರ್ಕ್ ಕಿರುಗುಟ್ಟುತ್ತಿದೆ, ಒತ್ತಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಪರಿಚಯದವರೊಬ್ಬರು ಬಾಕ್ಸ್ ಕೂಡ ತೆರೆಯದ ಏರ್ ಫೋರ್ಕ್ ಕೊಟ್ಟಿದ್ದಾರೆ. 27.5 ಇಂಚು, 120 ಮಿ.ಮೀ., ಟೇಪರ್ ಸ್ಟೀರರ್, ಬೂಸ್ಟ್ ಎಂದು ಬರೆದಿದೆ. ಹೊಂದದಿದ್ದರೆ ಹತ್ತು ದಿನದೊಳಗೆ ವಾಪಸ್ ತಗೊಳ್ಳುತ್ತಾರಂತೆ. ನನ್ನ ಸ್ನೇಹಿತನ ಫೋರ್ಕನ್ನು ಒಂದು ಅಂಗಡಿಯಲ್ಲಿ ಗಿಡ್ಡ ಕತ್ತರಿಸಿ ಹಾಳು ಮಾಡಿದರು. ಅದಕ್ಕೇ ನಾನೇ ಮನೆಯಲ್ಲಿ ಹಾಕೋಣ ಅಂತಿದ್ದೇನೆ. ಆಯುಧ ಪೂಜೆಗೆ ಹೊಸ ಫೋರ್ಕಿಗೇ ಕುಂಕುಮ ಇಡಬೇಕು ಅನ್ನೋ ಆಸೆ. ಏನೇನು ತಪ್ಪು ಮಾಡಬಾರದು, ಹೇಳಿ.

ಉತ್ತರ: ಮನೆಯಲ್ಲಿ ಹ್ಯಾಕ್ಸಾ ಇದ್ದರೆ ಈಗಲೇ ಯಾರ ಕೈಗಾದರೂ ಕೊಟ್ಟು, ಮೂರು ದಿನ ನಾನು ಎಷ್ಟು ಕೇಳಿದರೂ ಕೊಡಬೇಡಿ ಎಂದು ಹೇಳಿಬಿಡಿ. ತಮಾಷೆಗೆ ಹೇಳುತ್ತಿಲ್ಲ. ನಾನು ಕಂಡ ಮಟ್ಟಿಗೆ ಫೋರ್ಕ್ ವಿಷಯದಲ್ಲಿ ಕೈ ಸುಟ್ಟುಕೊಂಡವರೆಲ್ಲ ಅಲನ್ ಕೀ ಹಿಡಿಯುವುದಕ್ಕೆ ಮುಂಚೆಯೇ ತಪ್ಪು ಮಾಡಿರುತ್ತಾರೆ. ಬಿಚ್ಚಿ ಕೂರಿಸುವುದು ಒಂದೆರಡು ಗಂಟೆಯ ಕೆಲಸ. ಅಳೆಯುವುದೇ ನಿಜವಾದ ಕೆಲಸ. ನಿಮಗಂತೂ ಇನ್ನೊಂದು ಕಾರಣ ಇದೆ. ವಾಪಸ್ ತಗೊಳ್ಳುತ್ತೇವೆ ಅಂದವರು ಪೈಪು ಕತ್ತರಿಸಿದ ಫೋರ್ಕನ್ನು ತಗೊಳ್ಳುವುದಿಲ್ಲ. ಸ್ಟೀರರ್ ಪೂರ್ತಿ ಉದ್ದ ಇರುವವರೆಗೆ ಅದು ಯಾರ ಸೈಕಲ್ಲಿಗೆ ಬೇಕಾದರೂ ಹೋಗುವ ಮಾಲು. ಕತ್ತರಿಸಿದ ಮೇಲೆ ಅದು ನಿಮ್ಮದು ಮಾತ್ರ.

ನಿಮ್ಮ ಫೋರ್ಕಿನ ವಿವರದಲ್ಲಿ ಮೂರು ಕಡೆ ನನ್ನ ಕಣ್ಣು ನಿಂತಿತು: ಟೇಪರ್, ಬೂಸ್ಟ್, 120. ಒಂದೊಂದಾಗಿ ನೋಡೋಣ.

ಸ್ಟೀರರ್ ಅಂದರೆ ಫೋರ್ಕಿನ ತಲೆಯಿಂದ ಮೇಲಕ್ಕೆ ಹೋಗಿ, ಫ್ರೇಮಿನ ಮುಂದಿನ ಗಿಡ್ಡ ಪೈಪಿನೊಳಗೆ ತೂರಿ, ಹ್ಯಾಂಡಲ್ ಹಿಡಿಯುವ ಸ್ಟೆಮ್ ತನಕ ಬರುವ ಪೈಪು. ನಿಮ್ಮ ಹಳೆಯದರಲ್ಲಿ ಅದು ಬಹುಶಃ ಕೆಳಗಿಂದ ಮೇಲಿನವರೆಗೆ ಒಂದೇ ದಪ್ಪ, ಅಂದರೆ 28.6 ಮಿ.ಮೀ. ಟೇಪರ್ ಅಂದರೆ ಮೇಲೆ ಅಷ್ಟೇ ಇದ್ದು ಕೆಳಗೆ ಬರುತ್ತಾ ದಪ್ಪವಾಗುವುದು. ಬುಡದಲ್ಲಿ ಬೇರಿಂಗ್ ಕೂರುವ ಜಾಗದಲ್ಲಿ ಅದು 39.8 ಮಿ.ಮೀ. ಇರುತ್ತದೆ. ಈ ದಪ್ಪ ಬುಡ ನಿಮ್ಮ ಫ್ರೇಮಿನೊಳಗೆ ಹೋಗುತ್ತಾ ಅನ್ನುವುದೇ ಮೊದಲ ಪ್ರಶ್ನೆ. ಸೈಕಲ್ಲಿನ ಮುಂದೆ ನಿಂತು ನೋಡಿದರೆ ಗೊತ್ತಾಗಲ್ಲ. ಎಸ್.ಪಿ. ರೋಡಿನಲ್ಲಿ ಒಂದು ಸಾಧಾರಣ ವರ್ನಿಯರ್ ಕ್ಯಾಲಿಪರ್ ತಗೊಂಡು ಬನ್ನಿ. ಹಳೆ ಫೋರ್ಕ್ ಬಿಚ್ಚಿ, ಹೆಡ್ ಟ್ಯೂಬಿನ, ಅಂದರೆ ಆ ಗಿಡ್ಡ ಪೈಪಿನ, ಕೆಳಬಾಯಿಯ ಒಳ ಅಗಲ ಅಳೆಯಿರಿ. ಬೇರಿಂಗ್ ಕಪ್ ಒಳಗಿದ್ದರೆ ಕಪ್ಪಿನ ಅಗಲ ಅಲ್ಲ, ಕಪ್ ಕೂತಿರುವ ಪೈಪಿನ ಅಗಲ ಬೇಕು.

34 ಮಿ.ಮೀ. ಬಂದರೆ ಬಾಕ್ಸ್ ಮುಚ್ಚಿ ವಾಪಸ್ ಕೊಟ್ಟುಬಿಡಿ. ಟೇಪರ್ ಸ್ಟೀರರ್ ಅಲ್ಲಿಗೆ ಹೋಗುವುದಿಲ್ಲ. ಲೇತಿನಲ್ಲಿ ಫ್ರೇಮ್ ಕೊರೆಸಿ ದೊಡ್ಡದು ಮಾಡಿಸುತ್ತೇನೆ ಎಂದು ಯಾರಾದರೂ ಅಂದರೆ ಅವರಿಗೆ ಕಾಫಿ ಕುಡಿಸಿ ಕಳಿಸಿ. 44 ಬಂದರೆ ದಾರಿ ಇದೆ. ಕೆಳಗೆ ಹೊರಗೆ ಕಾಣುವ ಹಾಗೆ ಕೂರುವ ಒಂದು ಕಪ್ ಸಿಗುತ್ತದೆ, ಅದರ ಹೆಸರು ಇಸಿ44/40. ಅಂಗಡಿಯಲ್ಲಿ "ಟೇಪರ್ ಹೆಡ್‌ಸೆಟ್ ಕೊಡಿ" ಅನ್ನಬೇಡಿ (ಹೆಡ್‌ಸೆಟ್ ಅಂದರೆ ಫೋರ್ಕ್ ತಿರುಗಲು ಬೇಕಾದ ಬೇರಿಂಗು, ಕಪ್ಪುಗಳ ಸೆಟ್ಟು), ಈ ನಂಬರನ್ನೇ ಹೇಳಿ. ಮೊದಲ ಸಂಖ್ಯೆ ಫ್ರೇಮಿನ ಅಗಲ, ಎರಡನೆಯದು ಫೋರ್ಕಿನ ಬುಡದ ಅಗಲ. 56 ಬಂದರೆ ನಿಮ್ಮ ಫ್ರೇಮ್ ಟೇಪರಿಗೆಂದೇ ಮಾಡಿದ್ದು. ಹಳೇ ಫೋರ್ಕಿಗೆ ಇಷ್ಟು ದಿನ ಒಂದು ದಪ್ಪ ರಿಂಗ್ ಹಾಕಿ ಸರಿದೂಗಿಸಿದ್ದರು ಅಷ್ಟೆ. 52ರ ಆಸುಪಾಸು ಬಂದು, ಕಪ್ಪೇ ಇಲ್ಲದೆ ಬೇರಿಂಗ್ ನೇರವಾಗಿ ಫ್ರೇಮಿನಲ್ಲಿ ಕೂತಿದ್ದರೂ ಅದು ಟೇಪರ್ ಫ್ರೇಮೇ. ಆಗ ಬೇರಿಂಗಿನ ಅಂಚಿನಲ್ಲಿ ಕೊರೆದಿರುವ ಸಂಖ್ಯೆಗಳನ್ನು ಬರೆದುಕೊಂಡು ಅದೇ ಸಂಖ್ಯೆಯದು ತನ್ನಿ. 36 ಡಿಗ್ರಿ, 45 ಡಿಗ್ರಿ ಎಂಬ ಕೋನವೂ ಅಲ್ಲೇ ಇರುತ್ತದೆ. ಕೋನ ತಪ್ಪಿದರೆ ಬೇರಿಂಗ್ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ.

ಎರಡನೆಯದು ಬೂಸ್ಟ್. ಇಲ್ಲಿ ಖರ್ಚು ಕಾದಿದೆ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಈಗಿನ ಮುಂದಿನ ಚಕ್ರ ಬಹುಶಃ ಲಿವರ್ ತಿರುಗಿಸಿ ಬಿಚ್ಚುವಂಥದ್ದು. ಅದರ ಎಕ್ಸೆಲ್ 9 ಮಿ.ಮೀ. ದಪ್ಪ, ಹಬ್ಬಿನ, ಅಂದರೆ ಚಕ್ರದ ನಡುವಿನ ಗುಂಬದ, ಅಗಲ 100 ಮಿ.ಮೀ. ಬೂಸ್ಟ್ ಫೋರ್ಕಿಗೆ ಬೇಕಾಗಿರುವುದು 15 ಮಿ.ಮೀ. ದಪ್ಪದ, ಹಬ್ಬಿನೊಳಗೆ ತೂರಿಹೋಗುವ ಎಕ್ಸೆಲ್ ಮತ್ತು 110 ಮಿ.ಮೀ. ಅಗಲದ ಹಬ್. ಹಳೆ ಚಕ್ರ ಅದರಲ್ಲಿ ನಿಲ್ಲುವುದೇ ಇಲ್ಲ. ಒಳ್ಳೆಯ ಹಬ್‌ಗಳಲ್ಲಿ ಎರಡೂ ಕಡೆಯ ತುದಿ ಬದಲಿಸಿ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗಬಹುದು. ಆದರೆ ಕೋನ್ ಮತ್ತು ಬಿಡಿ ಬಾಲ್ ಇರುವ ಸಾದಾ ಹಬ್ಬಿಗೆ ಆ ಭಾಗ್ಯ ಇಲ್ಲ. ಫೋರ್ಕ್ ಕೊಂಡು, ಪೂಜೆಗೆ ಎಲ್ಲ ಸಿದ್ಧ ಮಾಡಿ, ಹಿಂದಿನ ರಾತ್ರಿ ಚಕ್ರ ಹಾಕಲು ಹೋಗಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನಾನು ಒಬ್ಬರಿಗಿಂತ ಜಾಸ್ತಿ ನೋಡಿದ್ದೇನೆ. ಹೊಸ ಮುಂದಿನ ಚಕ್ರದ ದುಡ್ಡನ್ನೂ ಫೋರ್ಕಿನ ಬೆಲೆಗೆ ಸೇರಿಸಿ, ಆಮೇಲೆ ಇದು ಲಾಭವೋ ನಷ್ಟವೋ ಲೆಕ್ಕ ಹಾಕಿ. ಹಳೆ ರಿಮ್ ಚೆನ್ನಾಗಿದ್ದರೆ ಹೊಸ ಹಬ್ ಹಾಕಿ ಕಡ್ಡಿ ಕಟ್ಟಿಸಬಹುದು. ಆದರೆ ಹಬ್ಬಿನ ಅಳತೆ ಬದಲಾದರೆ ಕಡ್ಡಿಯ ಉದ್ದವೂ ಬದಲಾಗುತ್ತದೆ. ಹಳೆ ಕಡ್ಡಿಯಲ್ಲೇ ಕಟ್ಟಿಕೊಡ್ತೀನಿ ಅನ್ನುವವರ ಹತ್ತಿರ ಬಿಡಬೇಡಿ.

ಚಕ್ರದ ಜೊತೆಗೇ ಬ್ರೇಕನ್ನೂ ನೋಡಿ. ಫೋರ್ಕಿನ ಎಡಗಾಲಿನಲ್ಲಿ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕೂರುವ ಎರಡು ಬೋಲ್ಟಿನ ಜಾಗ ಇದೆಯಲ್ಲ, ಅದು ಇಂತಿಷ್ಟು ಅಳತೆಯ ರೋಟರಿಗೆಂದು, ಅಂದರೆ ಡಿಸ್ಕಿಗೆಂದು ಮಾಡಿದ್ದು. 160ರ ಜಾಗಕ್ಕೆ 180 ಮಿ.ಮೀ. ರೋಟರ್ ಬೇಕೆಂದರೆ ನಡುವೆ ಅಡಾಪ್ಟರ್ ಹಾಕಬಹುದು. 180ರ ಜಾಗಕ್ಕೆ 160ರ ರೋಟರ್ ಹಾಕಲು ಯಾವ ಅಡಾಪ್ಟರೂ ಇಲ್ಲ. ಕ್ಯಾಲಿಪರ್ ದೂರ ಉಳಿಯುತ್ತದೆ, ಅದನ್ನು ಒಳಕ್ಕೆ ತರಲು ಆಗಲ್ಲ.

ಇನ್ನು 120. ಬಹಳ ಜನ "ಇಪ್ಪತ್ತು ಮಿಲಿಮೀಟರ್ ತಾನೇ" ಅಂತಾರೆ. ಫೋರ್ಕ್ 20 ಮಿ.ಮೀ. ಉದ್ದವಾದರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಮುಂದಿನ ಕೋನ ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಅದು ಧೈರ್ಯ ಕೊಡುತ್ತದೆ, ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ. ನಿಮ್ಮದು 44ರ ಹೆಡ್ ಟ್ಯೂಬ್ ಆಗಿ, ಕೆಳಗೆ ಹೊರಗಿನ ಕಪ್ ಹಾಕಬೇಕಾಗಿ ಬಂದರೆ ಆ ಕಪ್ಪೇ ಇನ್ನೂ 10 ಮಿ.ಮೀ.ಗಿಂತ ಜಾಸ್ತಿ ಎತ್ತುತ್ತದೆ. ಆಗ ಲೆಕ್ಕ 20 ಅಲ್ಲ, 30 ದಾಟಿತು. 100ಕ್ಕೆಂದು ಮಾಡಿದ ಫ್ರೇಮಿನ ಹೆಡ್ ಟ್ಯೂಬಿನ ಬೆಸುಗೆ ಮೇಲೆ ಉದ್ದದ ಫೋರ್ಕ್ ಸನ್ನೆಕೋಲಿನ ಹಾಗೆ ಎಳೆಯುತ್ತದೆ. ಫ್ರೇಮ್ ಕಂಪನಿಯ ಪುಸ್ತಕದಲ್ಲೋ ವೆಬ್‌ಸೈಟಿನಲ್ಲೋ ಗರಿಷ್ಠ ಎಷ್ಟು ಎಂದು ಬರೆದಿದ್ದರೆ ಅದನ್ನು ಮೀರಬೇಡಿ. ವಾರಂಟಿ ಮಾತು ಬಿಡಿ, ಬಿದ್ದರೆ ಮುರಿಯುವುದು ನಿಮ್ಮ ಹಲ್ಲು. ಕೆಲವು ಏರ್ ಫೋರ್ಕ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಬದಲಿಸಿ 120 ಅನ್ನು 100 ಮಾಡಬಹುದು. ನಿಮ್ಮ ಮಾಡೆಲ್ಲಿಗೆ ಅದು ಸಿಗುತ್ತಾ ವಿಚಾರಿಸಿ. ನನ್ನನ್ನು ಕೇಳಿದರೆ, 56 ಬಂದು ಕಂಪನಿಯ ಮಿತಿಯೂ ಒಪ್ಪಿದರೆ 120 ಹಾಕಿ, 44 ಬಂದರೆ 100 ಮಾಡಿಸಿ ಹಾಕಿ.

ಎಲ್ಲ ಹೊಂದಿತು ಅಂದುಕೊಳ್ಳೋಣ. ಈಗ ಕತ್ತರಿಸುವ ವಿಷಯ. ನಿಮ್ಮ ಸ್ನೇಹಿತನ ಫೋರ್ಕ್ ಕೆಡಿಸಿದವರನ್ನು ನಾನು ಜಾಸ್ತಿ ಬೈಯಲಾರೆ, ಯಾಕೆಂದರೆ ನಾನೂ ಆ ಕೆಲಸ ಮಾಡಿದ್ದೇನೆ. ಹದಿನೈದು ವರ್ಷದ ಹಿಂದಿನ ಮಾತು. ಒಬ್ಬ ಹುಡುಗ ಮೊದಲ ಸಂಬಳದಲ್ಲಿ ಫೋರ್ಕ್ ತಂದಿದ್ದ. ಸಂಜೆ ಏಳು ಗಂಟೆ, ಕರೆಂಟ್ ಹೋಗಿತ್ತು, ಅವನಿಗೆ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಬೇಕು. ನಾನು ಹಳೆ ಫೋರ್ಕನ್ನೂ ಹೊಸ ಫೋರ್ಕನ್ನೂ ಗೋಡೆಗೆ ಒರಗಿಸಿ ಪಕ್ಕಪಕ್ಕ ನೆಲದ ಮೇಲೆ ನಿಲ್ಲಿಸಿದೆ. ಹಳೆಯದು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ಹೊಸದರ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಕತ್ತರಿಸಿದೆ. ಫ್ರೇಮಿಗೆ ತೂರಿಸಿದಾಗ ಸ್ಟೆಮ್ ಹಿಡಿಯಲು ಪೈಪೇ ಸಾಲುತ್ತಿಲ್ಲ. ಏನಾಗಿತ್ತು? ಹಳೆಯದು 100, ಹೊಸದು 120. ಹೊಸದರ ಕಾಲೇ 20 ಮಿ.ಮೀ. ಉದ್ದ. ನೆಲದಿಂದ ಅಳೆದ ನಾನು ಆ 20 ಮಿ.ಮೀ. ಅನ್ನು ಮೇಲಿನಿಂದ ಕಿತ್ತುಕೊಂಡಿದ್ದೆ. ಆ ತುಂಡು ಪೈಪು ಇವತ್ತಿಗೂ ನನ್ನ ಟೂಲ್ ಡಬ್ಬಿಯಲ್ಲಿದೆ. ಫೋರ್ಕಿನ ದುಡ್ಡು ಮೂರು ಕಂತಿನಲ್ಲಿ ಕೊಟ್ಟೆ.

ಆದ್ದರಿಂದ ಹಳೆ ಫೋರ್ಕ್ ನೋಡಿ ಅಳೆಯಲೇಬೇಡಿ. ನಿಮ್ಮದೂ ಅದೇ 100 ಮತ್ತು 120, ಅದರ ಮೇಲೆ ಹೆಡ್‌ಸೆಟ್ ಬೇರೆ ಬದಲಾಗುತ್ತಿದೆ. ಕತ್ತರಿಸದ ಫೋರ್ಕನ್ನೇ ಸೈಕಲ್ಲಿಗೆ ಪೂರ್ತಿ ಜೋಡಿಸಿ. ಬೇರಿಂಗ್, ಮುಚ್ಚಳ, ಸ್ಪೇಸರ್ (ಎತ್ತರ ಹೊಂದಿಸುವ ಉಂಗುರಗಳು), ಸ್ಟೆಮ್ ಎಲ್ಲ ಹಾಕಿ. ಪೈಪು ಮೇಲೆ ಉದ್ದವಾಗಿ ಚಾಚಿಕೊಂಡು ನಗು ಬರುವ ಹಾಗಿರುತ್ತದೆ, ಇರಲಿ. ಸ್ಟೆಮ್ಮಿನ ಕೆಳಗೆ ನಿಮಗೆ ಬೇಕು ಅನ್ನಿಸುವುದಕ್ಕಿಂತ 15–20 ಮಿ.ಮೀ. ಜಾಸ್ತಿ ಸ್ಪೇಸರ್ ಇಡಿ. ಸ್ಟೆಮ್ಮಿನ ಮೇಲೂ ಒಂದು 5 ಮಿ.ಮೀ. ಸ್ಪೇಸರ್ ಇಡಿ. ಆ ಮೇಲಿನ ಸ್ಪೇಸರಿನ ತಲೆಯ ಸುತ್ತ ಗೆರೆ ಎಳೆಯಿರಿ. ಕತ್ತರಿಸಬೇಕಾದ್ದು ಆ ಗೆರೆಯಲ್ಲಲ್ಲ, ಅದಕ್ಕಿಂತ 3 ಮಿ.ಮೀ. ಕೆಳಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾವು ಸ್ಕೂಲಿಗೆ ಹೋಗುವಾಗ ಯೂನಿಫಾರ್ಮ್ ಹೊಲಿಸುತ್ತಿದ್ದರಲ್ಲ, ಪ್ಯಾಂಟಿನ ಕಾಲಿನೊಳಗೆ ಮೂರು ಬೆರಳು ಬಟ್ಟೆ ಮಡಚಿ ಬಿಟ್ಟಿರುತ್ತಿದ್ದರು. ವರ್ಷಕ್ಕೊಮ್ಮೆ ಬಿಚ್ಚಿ ಇಳಿಸುತ್ತಿದ್ದರು. ಜಾಸ್ತಿ ಇಟ್ಟ ಸ್ಪೇಸರ್ ಅದೇ ಮಡಿಕೆ. ಒಂದು ತಿಂಗಳು ಓಡಿಸಿ, ಹ್ಯಾಂಡಲ್ ಎತ್ತರ ಎಲ್ಲಿ ಬೇಕು ಅಂತ ಬೆನ್ನಿಗೆ ಗೊತ್ತಾದ ಮೇಲೆ ಬೇಕಿದ್ದರೆ ಇನ್ನೊಮ್ಮೆ ಕತ್ತರಿಸಿ.

ಇದೇ ಹೊತ್ತಿನಲ್ಲಿ, ಅಂದರೆ ಗರಗಸ ಇನ್ನೂ ಬಚ್ಚಿಟ್ಟಿರುವಾಗಲೇ, ಇನ್ನೆರಡು ಪರೀಕ್ಷೆ ಮುಗಿಸಿಕೊಳ್ಳಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಫೋರ್ಕಿನ ತಲೆಯ ಮೇಲಿರುವ ನಾಬ್ ಫ್ರೇಮಿನ ಕೆಳಪೈಪಿಗೆ ತಾಗುತ್ತಾ ನೋಡಿ. ತಾಗಿದರೆ ಒಂದೇ ಬೀಳಿಗೆ ಫ್ರೇಮೂ ಹೋಗುತ್ತದೆ, ನಾಬೂ ಹೋಗುತ್ತದೆ. ಆಮೇಲೆ ಚಕ್ರ ಹಾಕಿ, ಫೋರ್ಕಿನ ಗಾಳಿಯನ್ನು ಮೆಲ್ಲಗೆ ಪೂರ್ತಿ ಬಿಟ್ಟು, ಮೈಭಾರ ಹಾಕಿ ಕೊನೆವರೆಗೂ ಒತ್ತಿ. ಟೈರಿಗೂ ಫೋರ್ಕಿನ ತಲೆಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಬೇಕು. ಆವಲಹಳ್ಳಿಯ ಕೆಮ್ಮಣ್ಣು ಮಳೆಗಾಲದಲ್ಲಿ ಟೈರಿಗೆ ಹೇಗೆ ಮೆತ್ತಿಕೊಳ್ಳುತ್ತೆ ಅಂತ ನಿಮಗೇ ಗೊತ್ತಲ್ವಾ, ಅದಕ್ಕೂ ಜಾಗ ಬೇಕು.

ಈಗ ಗರಗಸ ಕೇಳಿ ತಗೊಳ್ಳಿ. ಇಂಚಿಗೆ 32 ಹಲ್ಲಿರುವ ಹೊಸ ಬ್ಲೇಡ್ ಹಾಕಿ. ಒರಟು ಹಲ್ಲಿನ ಬ್ಲೇಡ್ ತೆಳು ಪೈಪಿಗೆ ಸಿಕ್ಕಿಕೊಂಡು ಹರಿಯುತ್ತದೆ. ಕತ್ತರಿಸಲು ಗೈಡ್ ಇಲ್ಲದಿದ್ದರೆ ಒಂದು ಹಳೆ ಸ್ಟೆಮ್ಮನ್ನು ಗೆರೆಯಿಂದ 3 ಮಿ.ಮೀ. ಕೆಳಗೆ ಸರಿಯಾಗಿ ಬಿಗಿದು ಅದರ ಅಂಚಿಗೆ ಬ್ಲೇಡ್ ಒರಗಿಸಿ ಕೊಯ್ಯಿರಿ. ಗ್ಯಾಸ್ ಪೈಪಿಗೆ ಹಾಕುವ ಕ್ಲಿಪ್ ಎರಡು ಹಾಕಿಕೊಂಡರೂ ಆಗುತ್ತದೆ. ಫೋರ್ಕಿನ ನುಣುಪು ಕಾಲುಗಳಿಗೆ ಮೊದಲೇ ಹಳೆ ಪಂಚೆಯನ್ನೋ ಟವೆಲನ್ನೋ ಬಿಗಿಯಾಗಿ ಸುತ್ತಿ. ಅಲ್ಯೂಮಿನಿಯಂ ಪುಡಿ ಸೀಲಿನೊಳಗೆ ಹೋದರೆ ಒಳಗೆ ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತದೆ. ಕೊಯ್ದ ಮೇಲೆ ಅಂಚನ್ನು ಹೊರಗೂ ಒಳಗೂ ಅರ ಹಾಕಿ ನಯ ಮಾಡಿ. ಬೆರಳಾಡಿಸಿದರೆ ಚುಚ್ಚಬಾರದು. ಈ ಅಂಚು ಬಿಟ್ಟರೆ ಸ್ಟೆಮ್ ಇಳಿಯುವಾಗ ಒಳಗೆ ಗೀರುತ್ತಾ ಹೋಗುತ್ತದೆ.

ಕ್ರೌನ್ ರೇಸ್ ಬಗ್ಗೆ ಒಂದು ಮಾತು. ಫೋರ್ಕಿನ ಬುಡಕ್ಕೆ ಕೂರುವ ಉಂಗುರ ಇದು, ಕೆಳಗಿನ ಬೇರಿಂಗ್ ಇದರ ಮೇಲೆ ತಿರುಗುತ್ತದೆ. ಜೋಡಿಸಿ ನೋಡುವುದಕ್ಕೂ ಇದು ಕೂತಿರಲೇಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪುತ್ತದೆ. ಹೆಡ್‌ಸೆಟ್ ಕೊಳ್ಳುವಾಗ ಒಂದು ಕಡೆ ಸೀಳಿರುವ ರೇಸ್ ಸಿಕ್ಕರೆ ಅದನ್ನೇ ತಗೊಳ್ಳಿ, ಕೈಯಲ್ಲೇ ಒತ್ತಿ ಕೂರಿಸಬಹುದು. ಸೀಳಿಲ್ಲದ್ದಾದರೆ ಒಳ ಅಗಲ 40 ಮಿ.ಮೀ.ಗಿಂತ ಕೂದಲಷ್ಟು ಜಾಸ್ತಿ ಇರುವ ಪಿವಿಸಿ ಪೈಪನ್ನು ಮೇಲಿಂದ ತೂರಿಸಿ, ಅದರ ತಲೆಗೆ ತಟ್ಟಬೇಕು. ಪೈಪಿನ ಅಂಚು ರೇಸಿನ ಒಳತುದಿಗೆ ಮಾತ್ರ ತಾಗಲಿ, ಬೇರಿಂಗ್ ಕೂರುವ ಇಳಿಜಾರಿಗೆ ಬೇಡ. ಪೂರ್ತಿ ಕೂತಾಗ ತಟ್ಟುವ ಸದ್ದೇ ಬದಲಾಗುತ್ತದೆ, ಟಪ್ ಟಪ್ ಅನ್ನುತ್ತಿದ್ದದ್ದು ಗಟ್ಟಿಯಾಗಿ ಟಣ್ ಅನ್ನುತ್ತದೆ. ತಟ್ಟುವಾಗ ಫೋರ್ಕನ್ನು ನೆಲಕ್ಕೆ ಊರಬೇಡಿ. ಬಹಳಷ್ಟು ಫೋರ್ಕುಗಳಲ್ಲಿ ಬಲಗಾಲಿನ ಅಡಿಯಲ್ಲಿ ರೀಬೌಂಡ್ ನಾಬ್ (ಒತ್ತಿದ ಫೋರ್ಕ್ ಮರಳುವ ವೇಗ ಹೊಂದಿಸುವುದು) ಇರುತ್ತದೆ, ಎರಡೇ ಏಟಿಗೆ ಚೂರಾಗುತ್ತದೆ. ಯಾರಾದರೂ ಫೋರ್ಕನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡಿರಲಿ.

ಸ್ಟಾರ್ ನಟ್ ಅಂದರೆ ಸ್ಟೀರರಿನ ಒಳಗೆ ಕಚ್ಚಿಕೊಂಡು ಕೂರುವ ಎಸಳೆಸಳಾದ ನಟ್. ಎಸಳುಗಳು ಬಟ್ಟಲಿನ ಹಾಗೆ ಮೇಲ್ಮುಖ ಇರಬೇಕು. ಅದರ ಬೋಲ್ಟನ್ನು ಸ್ವಲ್ಪ ತಿರುಗಿಸಿ ಹಿಡಿಯಂತೆ ಇಟ್ಟುಕೊಂಡು, ನಿಧಾನ ತಟ್ಟುತ್ತಾ ಪೈಪಿನ ಬಾಯಿಯಿಂದ 15 ಮಿ.ಮೀ. ಕೆಳಗೆ ಇಳಿಸಿ. ಓರೆಯಾದರೆ ಎಳೆದು ತೆಗೆಯಲು ಹೋಗಬೇಡಿ, ಪೈಪಿನ ಒಳಗೆಲ್ಲ ಗೀರಿ ಹಾಳು. ಅದನ್ನು ಇನ್ನೂ ಕೆಳಕ್ಕೆ ತಳ್ಳಿ, ಮೇಲೆ ಇನ್ನೊಂದು ಹಾಕಿ. ಸ್ಟೀರರ್ ಕಾರ್ಬನ್ನಿನದಾದರೆ ಮಾತ್ರ ಸ್ಟಾರ್ ನಟ್ ಹತ್ತಿರಕ್ಕೂ ತರಬೇಡಿ.

ಕೊನೆಯ ಜೋಡಣೆಗೆ ಹಳೆ ಪೇಪರ್ ಹಾಸಿ, ಕೆಳಗಿನಿಂದ ಮೇಲಿನವರೆಗೆ ಯಾವುದರ ಮೇಲೆ ಯಾವುದು ಅಂತ ಸಾಲಾಗಿ ಇಟ್ಟುಕೊಳ್ಳಿ. ಕೆಳ ಬೇರಿಂಗ್, ಮೇಲಿನ ಬೇರಿಂಗ್, ಸೀಳಿರುವ ತೆಳು ಉಂಗುರ, ಮುಚ್ಚಳ, ಸ್ಪೇಸರ್, ಸ್ಟೆಮ್. ಆ ಸೀಳಿದ ಉಂಗುರವನ್ನು ಮರೆಯುವವರೇ ಜಾಸ್ತಿ. ಗ್ರೀಸಿನಲ್ಲಿ ಹಳೆ ಬೇರಿಂಗಿಗೆ ಅಂಟಿಕೊಂಡು ಕಸದ ಬುಟ್ಟಿ ಸೇರಿಬಿಡುತ್ತದೆ. ಅದಿಲ್ಲದಿದ್ದರೆ ಎಷ್ಟು ಬಿಗಿದರೂ ಹ್ಯಾಂಡಲ್ ಅಲ್ಲಾಡುತ್ತಲೇ ಇರುತ್ತದೆ.

ಈಗ ಬಂತು ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಮೇಲಿನ ಟೋಪಿ ಮತ್ತು ಅದರ ಬೋಲ್ಟು.

ನಮ್ಮಪ್ಪಂದಿರ ಅಟ್ಲಾಸ್, ಹೀರೋ ಸೈಕಲ್ ನೆನಪಿಸಿಕೊಳ್ಳಿ. ಅದರಲ್ಲಿ ಫೋರ್ಕಿನ ಪೈಪಿಗೇ ಥ್ರೆಡ್ ಇತ್ತು. ಮೇಲೆ ದೊಡ್ಡ ನಟ್. ಆ ನಟ್ಟೇ ಫೋರ್ಕನ್ನು ಹಿಡಿದಿರುತ್ತಿತ್ತು. ಅದನ್ನು ಬಿಗಿಯಾಗಿ ತಿರುಗಿಸುವುದೇ ಒಳ್ಳೆ ಮೆಕ್ಯಾನಿಕ್ಕಿನ ಗುರುತು. ಹಳೇ ಕೈಗಳಿಗೆ ಆ ಅಭ್ಯಾಸ ಹೋಗಿಲ್ಲ, ಅವರಿಂದ ಕಲಿತ ನಮಗೂ ಹೋಗಿಲ್ಲ. ಈಗಿನ ಫೋರ್ಕಿನಲ್ಲಿ ಮೇಲೊಂದು ಬೋಲ್ಟ್ ಕಂಡ ತಕ್ಷಣ ಅದೇ ಎಲ್ಲವನ್ನೂ ಹಿಡಿದಿದೆ ಅಂದುಕೊಂಡು ಮೈ ಶಕ್ತಿ ಬಿಟ್ಟು ತಿರುಗಿಸುತ್ತಾರೆ. ಆದರೆ ಅದು ಏನನ್ನೂ ಹಿಡಿದಿಲ್ಲ. ಅದರ ಕೆಲಸ ಬೇರಿಂಗುಗಳನ್ನು ಒಂದರ ಮೇಲೊಂದು ಹದವಾಗಿ ಒತ್ತುವುದು, ಅಷ್ಟೆ. ಫೋರ್ಕನ್ನು ಹಿಡಿಯುವುದು ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟು. ಅವು ಬಿಗಿಯಾದ ಮೇಲೆ ಮೇಲಿನ ಟೋಪಿಯನ್ನು ತೆಗೆದಿಟ್ಟರೂ ಫೋರ್ಕ್ ಎಲ್ಲಿಗೂ ಹೋಗುವುದಿಲ್ಲ.

ಇದು ತಲೆಗೆ ಹೋದರೆ ಕ್ರಮ ತಾನಾಗಿ ಗೊತ್ತಾಗುತ್ತದೆ. ಸ್ಟೆಮ್ಮಿನ ಪಕ್ಕದ ಬೋಲ್ಟುಗಳು ಸಡಿಲ ಇರಲಿ. ಮೇಲಿನ ಬೋಲ್ಟನ್ನು ಕಾಲು ಸುತ್ತು, ಕಾಲು ಸುತ್ತಾಗಿ ತಿರುಗಿಸಿ. ಅಲನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಮುಷ್ಟಿ ಬೇಡ. ಪ್ರತಿ ಸಲ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ ನೋಡಿ. ಇಲ್ಲೊಂದು ಮೋಸ ಇದೆ. ಬ್ರೇಕ್ ಪ್ಯಾಡುಗಳೂ ಸ್ವಲ್ಪ ಅಲ್ಲಾಡುತ್ತವೆ, ಫೋರ್ಕಿನ ಕಾಲುಗಳೂ ಕೂದಲಷ್ಟು ಅಲ್ಲಾಡುತ್ತವೆ. ಅದನ್ನು ಹೆಡ್‌ಸೆಟ್ಟಿನದು ಅಂದುಕೊಂಡು ಬಿಗಿಯುತ್ತಾ ಹೋದರೆ ಬೇರಿಂಗ್ ನುಜ್ಜುಗುಜ್ಜು. ಅದಕ್ಕೆ ಎಡಗೈ ಬೆರಳುಗಳನ್ನು ಮುಚ್ಚಳಕ್ಕೂ ಫ್ರೇಮಿಗೂ ನಡುವಿನ ಸಂದಿಗೆ ಒತ್ತಿ ಹಿಡಿದು ಅಲ್ಲಾಡಿಸಿ. ಅಲ್ಲೇ ಟಕ್ ಟಕ್ ಅಂತ ಬೆರಳಿಗೆ ತಾಗಿದರೆ ಮಾತ್ರ ಹೆಡ್‌ಸೆಟ್ ಸಡಿಲ. ಹ್ಯಾಂಡಲನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ನೋಡಿ. ಟಕ್ ನಿಂತಿತೇ? ಮುಂದಿನ ಚಕ್ರ ಎತ್ತಿ ಹಿಡಿಯಿರಿ. ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಎಡಕ್ಕೂ ಬಲಕ್ಕೂ ವಾಲಬೇಕು. ನಡುವೆ ಸಿಕ್ಕಿಕೊಂಡ ಹಾಗಿದ್ದರೆ ಜಾಸ್ತಿ ಬಿಗಿದಿದ್ದೀರಿ. ಹದ ಸಿಕ್ಕ ಮೇಲೆ ಹ್ಯಾಂಡಲ್ ನೇರ ಮಾಡಿ ಸ್ಟೆಮ್ಮಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಯಿರಿ. ಸಾಮಾನ್ಯವಾಗಿ 5–6 ನ್ಯೂಟನ್ ಮೀಟರ್, ಎಷ್ಟೆಂದು ಸ್ಟೆಮ್ಮಿನ ಮೇಲೇ ಬರೆದಿರುತ್ತದೆ.

ಉಲ್ಟಾ ಮಾಡಿದರೆ, ಅಂದರೆ ಸ್ಟೆಮ್ ಬಿಗಿದು ಆಮೇಲೆ ಮೇಲಿನ ಬೋಲ್ಟ್ ತಿರುಗಿಸಿದರೆ, ಬೇರಿಂಗಿಗೆ ಒತ್ತಡವೇ ಹೋಗುವುದಿಲ್ಲ. ಅಲ್ಲಾಟ ಹೋಗಲಿಲ್ಲ ಅಂತ ಇನ್ನೂ ತಿರುಗಿಸುತ್ತೀರಿ. ಕೊನೆಗೆ ಸ್ಟಾರ್ ನಟ್ಟೇ ಕಿತ್ತು ಮೇಲೆ ಬರುತ್ತದೆ. ಆಗಲೇ ಹೇಳಿದ 3 ಮಿ.ಮೀ. ಗುಟ್ಟೂ ಇದೇ. ಪೈಪಿನ ತಲೆ ಸ್ಪೇಸರಿಗಿಂತ ತಗ್ಗಿದ್ದರೆ ಮಾತ್ರ ಟೋಪಿ ಸ್ಪೇಸರನ್ನು ಒತ್ತುತ್ತದೆ. ಸಮ ಇದ್ದರೆ ಟೋಪಿ ಪೈಪಿನ ತಲೆಗೇ ಕೂತುಬಿಡುತ್ತದೆ, ಎಷ್ಟು ತಿರುಗಿಸಿದರೂ ಏನೂ ಆಗಲ್ಲ.

ಬ್ರೇಕ್ ಕೂರಿಸುವಾಗ ಅವಸರ ಬೇಡ. ಫೋರ್ಕಿನ ಕೆಳಭಾಗ ಸಾಮಾನ್ಯವಾಗಿ ಮೆಗ್ನೀಷಿಯಂ. ಹಗುರ, ಆದರೆ ಅದರ ಥ್ರೆಡ್ ಮೆತ್ತಗೆ. ಕ್ಯಾಲಿಪರ್ ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ, ಅಡ್ಡ ಹೋಗಿಲ್ಲ ಅಂತ ಖಾತ್ರಿಯಾದ ಮೇಲೆ ಕೀ ಹಾಕಿ. ಒಮ್ಮೆ ಥ್ರೆಡ್ ಎದ್ದು ಬಂದರೆ ಆ ಫೋರ್ಕಿನ ಕೆಳಭಾಗವೇ ಬದಲಿಸಬೇಕು ಅನ್ನುವ ಮಟ್ಟಕ್ಕೆ ಹೋಗಬಹುದು. ಗ್ರೀಸ್ ಕೈಯಲ್ಲಿ ರೋಟರ್ ಮುಟ್ಟಬೇಡಿ. ಮುಟ್ಟಿದರೆ ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಮುಂಭಾಗ ಎತ್ತರವಾಗಿರುವುದರಿಂದ ಬ್ರೇಕಿನ ಹೋಸ್ ಗಿಡ್ಡವಾಗಿ ಎಳೆಯುತ್ತಿದೆಯಾ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ.

ಇನ್ನು ಗಾಳಿ. ಏರ್ ಫೋರ್ಕಿನ ವಾಲ್ವ್ ನೋಡಲು ಥೇಟ್ ಸ್ಕೂಟರ್ ಟ್ಯೂಬಿನ ವಾಲ್ವ್. ಅದಕ್ಕೇ ಜನ ಪೆಟ್ರೋಲ್ ಬಂಕಿಗೆ ತಗೊಂಡು ಹೋಗುತ್ತಾರೆ. ದಯವಿಟ್ಟು ಬೇಡ. ಒಳಗಿನ ಜಾಗ ಲೋಟದಷ್ಟೂ ಇಲ್ಲ, ಕಂಪ್ರೆಸರ್ ಒಂದು ಕ್ಷಣದಲ್ಲಿ ಎಷ್ಟು ತುಂಬಿತು ಅಂತ ಯಾರಿಗೂ ಗೊತ್ತಾಗಲ್ಲ. ಟೈರಿನ ಪಂಪೂ ಬೇಡ. ಶಾಕ್ ಪಂಪ್ ಅಂತಲೇ ಬೇರೆ ಸಿಗುತ್ತದೆ, ಅದನ್ನು ಕೊಳ್ಳಿ. ನಿಮ್ಮ ತೂಕಕ್ಕೆ ಎಷ್ಟು ಅಂತ ಫೋರ್ಕಿನ ಕಾಲಿನ ಹಿಂದೆ ಚೀಟಿ ಅಂಟಿಸಿರುತ್ತಾರೆ, ಇಲ್ಲವೇ ಕೈಪಿಡಿಯಲ್ಲಿ ಇರುತ್ತದೆ. ಅದರಿಂದ ಶುರು ಮಾಡಿ. ಸ್ವಲ್ಪ ತುಂಬಿ, ನಾಲ್ಕೈದು ಸಲ ಫೋರ್ಕನ್ನು ಒತ್ತಿ ಬಿಡಿ, ಮತ್ತೆ ಅಳತೆ ನೋಡಿ ತುಂಬಿ. ಒಳಗೆ ಎರಡು ಗಾಳಿಕೋಣೆ ಇರುವ ಫೋರ್ಕಾದರೆ ಒತ್ತಿದಾಗಲೇ ಎರಡೂ ಸಮವಾಗುವುದು. ಪಂಪ್ ತೆಗೆಯುವಾಗ ಪುಸ್ ಅಂತ ಬರುವುದು ಪಂಪಿನ ಕೊಳವೆಯಲ್ಲಿ ಉಳಿದ ಗಾಳಿ, ಫೋರ್ಕಿನದಲ್ಲ. ಮತ್ತೆ ಪಂಪ್ ಹಾಕಿದಾಗ ಮುಳ್ಳು ಕಡಿಮೆ ತೋರಿಸುತ್ತದೆ, ಯಾಕೆಂದರೆ ಖಾಲಿ ಕೊಳವೆಗೆ ಫೋರ್ಕಿನಿಂದಲೇ ಗಾಳಿ ಹೋಗಿರುತ್ತದೆ. ಲೀಕ್ ಆಗ್ತಿದೆ ಅಂತ ಫೋನ್ ಮಾಡುವವರಲ್ಲಿ ಅರ್ಧ ಜನರದ್ದು ಇದೇ ಕಥೆ.

ಆಮೇಲೆ ಹೆಲ್ಮೆಟ್, ಬ್ಯಾಗು, ನೀರು ಎಲ್ಲ ಸಮೇತ ಸೈಕಲ್ ಹತ್ತಿ. ಫೋರ್ಕಿನ ಕಾಲಿನ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿಗೆ ತಳ್ಳಿ, ಪೆಡಲ್ ಮೇಲೆ ನಿಂತು, ಮೆಲ್ಲಗೆ ಇಳಿಯಿರಿ. 120ರಲ್ಲಿ 24ರಿಂದ 30 ಮಿ.ಮೀ. ಸರಿದಿದ್ದರೆ ಚೆನ್ನಾಗಿದೆ. 15 ಆದರೆ ಗಾಳಿ ಜಾಸ್ತಿ, 40 ಆದರೆ ಕಡಿಮೆ. ಆಫೀಸಿನ ದಾರಿಯ ಹಂಪುಗಳಿಗೆ ಒಂದು ಗಾಳಿ, ಕಾಡಿಗೆ ಒಂದು ಗಾಳಿ ಅಂತ ವಾರವಾರ ಬದಲಿಸುವವರಿದ್ದಾರೆ. ನಾನು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲ್ಲ.

ಮೊದಲ ಓಟದ ಹಿಂದಿನ ರಾತ್ರಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಡಿ. ಒಳಗಿನ ಎಣ್ಣೆ ಸೀಲಿನ ಕೆಳಗಿರುವ ಸ್ಪಂಜಿನ ಉಂಗುರಕ್ಕೆ ಇಳಿದು ನೆನೆಯುತ್ತದೆ. ಹೈಡ್ರಾಲಿಕ್ ಬ್ರೇಕಾದರೆ ಬೆಳಿಗ್ಗೆ ಸೈಕಲ್ ಎತ್ತಿ ನಿಲ್ಲಿಸಿ, ಲಿವರ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ. ಮೆತ್ತಗೇ ಉಳಿದರೆ ಗಾಳಿ ಸೇರಿದೆ, ಹಾಗೇ ಹೊರಡಬೇಡಿ. ಮೊದಲ ದಿನವೇ ಕಾಡಿಗೆ ಹೋಗದೆ ಮನೆ ಸುತ್ತಮುತ್ತ ಒಂದು ಗಂಟೆ ಓಡಿಸಿ. ಹೊಸ ಕಪ್ಪು, ಹೊಸ ರೇಸು ಕೂತುಕೊಳ್ಳುವಾಗ ಹೆಡ್‌ಸೆಟ್ ಒಮ್ಮೆ ಸಡಿಲವಾಗಿಯೇ ಆಗುತ್ತದೆ. ಜೇಬಿನಲ್ಲಿ 4 ಮತ್ತು 5 ನಂಬರಿನ ಅಲನ್ ಕೀ ಇರಲಿ, ಬೆರಳಿಟ್ಟು ನೋಡಿ, ಅದೇ ಕ್ರಮದಲ್ಲಿ ಮತ್ತೆ ಹದ ಮಾಡಿ.

ಹಳೆ ಫೋರ್ಕನ್ನೂ ಅದರ ಚಕ್ರವನ್ನೂ ಗುಜರಿಗೆ ಹಾಕಬೇಡಿ. ಏರ್ ಫೋರ್ಕನ್ನು ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಬೇಕು ಅಂತ ಕಂಪನಿಗಳು ಹೇಳುತ್ತವೆ. ಸರ್ವಿಸಿಗೆ ಬಿಟ್ಟರೆ, ಯಾವುದೋ ಒಂದು ಸೀಲ್ ಬರಬೇಕು ಅಂತ ಎರಡು ವಾರ ಹಿಡಿಯುವುದೂ ಉಂಟು. ಅಷ್ಟು ದಿನ ಆಫೀಸಿಗೆ ಹೋಗಲು ಆ ಕಿರುಗುಟ್ಟುವ ಫೋರ್ಕೇ ಗತಿ. ಹಳೆ ಫೋರ್ಕಿನ ತೆಳು ಬುಡವನ್ನು ಹೊಸ ಕೆಳಗಿನ ಬೇರಿಂಗಿಗೆ ಹೊಂದಿಸುವ ರಿಡ್ಯೂಸರ್ ರೇಸ್ ಒಂದನ್ನು ಹೆಡ್‌ಸೆಟ್ ಕೊಳ್ಳುವಾಗಲೇ ತಗೊಂಡು, ಹಳೆ ಫೋರ್ಕಿಗೆ ದಾರದಲ್ಲಿ ಕಟ್ಟಿ ಅಟ್ಟದ ಮೇಲಿಡಿ.